ಸಿಗರೇಟು ಆರಿಸಿ ಎಂದವನ ಮೇಲೊಂದು ಕೇಸು

ಹೋದ ತಿಂಗಳು ರೈಲಿನಲ್ಲಿ ಒಬ್ಬ ನನ್ನ ಪ್ರಾಣ ಉಳಿಸಿದ. ನಾನು ಅವನನ್ನು ಲಾಕಪ್ಪಿಗೆ ಕಳಿಸಿದೆ.

ಕುಪ್ಪಂನಿಂದ ಬಂಗಾರಪೇಟೆಗೆ ಬರುತ್ತಿದ್ದೆ. ಥರ್ಡ್ ಕ್ಲಾಸು. ಸಿಗರೇಟಿಗೆಂದು ಕಡ್ಡಿ ಗೀರಿದೆ. ಎದುರಿಗಿದ್ದ ರೈತ ತೊಡೆಯ ಮೇಲಿನ ಗಂಟನ್ನು ತಬ್ಬಿಕೊಂಡು ಮೆಲ್ಲಗೆ ಹೇಳಿದ: "ಸ್ವಾಮಿ, ಅದ್ನ ಆರ್ಸ್ಬುಡಿ. ಗಂಟ್ನಾಗೆ ತೋಟಾ ಅವೆ."

ತೋಟಾ ಎಂದರೆ ಬಂಡೆ ಸಿಡಿಸುವ ಮದ್ದು. ನಾನು ರಾಬರ್ಟ್‌ಸನ್‌ಪೇಟೆಯವನು, ಗಣಿಯ ಸಿಡಿತಕ್ಕೆ ನಮ್ಮ ಮನೆಯ ಪಾತ್ರೆಗಳು ದಿನಾ ಅಲುಗುತ್ತವೆ. ಆದರೂ ಏನು ಮಾಡಿದೆ? "ಬಾಂಬು" ಎಂದು ಕಿರುಚಿದೆ. (ಪೇಪರು ಓದುವವರ ಕಾಯಿಲೆ ಇದು.) ಕಾಮಸಮುದ್ರದಲ್ಲಿ ಗಾಡಿ ನಿಲ್ಲುವ ಮೊದಲೇ ಜನ ಧುಮುಕಿದರು. ಒಬ್ಬ ಮುದುಕಿಯ ಕೈ ಮುರಿಯಿತು. ಅವನು ಮಾತ್ರ ಗಂಟು ಹಿಡಿದು ಕೂತೇ ಇದ್ದ, ಪೊಲೀಸರು ಬರುವ ತನಕ.

ಹೆಸರು ಮುನಿಯಪ್ಪ. ತೋಡುತ್ತಿದ್ದ ಬಾವಿಯಲ್ಲಿ ಬಂಡೆ ಸಿಕ್ಕಿತ್ತು. ಕುಪ್ಪಂನಲ್ಲಿ ಕಲ್ಲು ಒಡೆಯುವ ಭಾವಮೈದನಿಂದ ಮದ್ದು ತಂದಿದ್ದ. ಲೈಸೆನ್ಸ್ ಇರಲಿಲ್ಲ. ಸಾಲದ್ದಕ್ಕೆ ಬ್ರಿಟಿಷ್ ಸೀಮೆಯಿಂದ ನಮ್ಮ ಸಂಸ್ಥಾನಕ್ಕೆ ಗಡಿ ದಾಟಿದ ಮದ್ದು. ಪೊಲೀಸರು ಅವನನ್ನು ಭಯೋತ್ಪಾದಕ ಎಂದೇ ಬರೆದುಕೊಂಡರು.

ಬಂಗಾರಪೇಟೆ ಕೋರ್ಟಿನಲ್ಲಿ ನಾನೇ ಮುಖ್ಯ ಸಾಕ್ಷಿ. ಸರ್ಕಾರಿ ವಕೀಲರು ಓದಿಕೊಂಡು ಬಂದಿದ್ದರು. ಜಿನೀವಾದಲ್ಲಿ ನಾನಾ ದೇಶದವರು ಸೇರಿ ಭಯೋತ್ಪಾದನೆಗೆ ಒಂದು ವ್ಯಾಖ್ಯೆ ಬರೆದಿದ್ದಾರಂತೆ: ರಾಜ್ಯದ ವಿರುದ್ಧ, ಜನರಲ್ಲಿ ಭಯ ಹುಟ್ಟಿಸುವ ಉದ್ದೇಶದಿಂದ ಎಸಗಿದ ಅಪರಾಧ. ಗಡಿ ದಾಟಿದ್ದಾನೆ, ಮದ್ದಿದೆ, ಭಯವೂ ಆಗಿದೆ, ಇನ್ನೇನು ಬೇಕು ಎಂದರು. ನೀವು ಹೆದರಿದಿರಾ ಎಂದು ನನ್ನನ್ನು ಕೇಳಿದರು. ಹೆದರಿದೆ ಎಂದೆ.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಅವನು ಏನೂ ಹೇಳದೆ ಸುಮ್ಮನಿದ್ದಿದ್ದರೆ ನೀವು ಹೆದರುತ್ತಿದ್ದಿರಾ?"

ಇಲ್ಲ, ಸಿಗರೇಟು ಸೇದುತ್ತಿದ್ದೆ ಎಂದೆ. ಜನ ಧುಮುಕಿದ್ದು ನನ್ನ ಕೂಗಿಗೆ, ಅವನ ಮಾತಿಗಲ್ಲ ಎಂದೂ ಒಪ್ಪಿಕೊಂಡೆ.

ಉದ್ದೇಶ ಎಂಬ ಪದವನ್ನು ವಕೀಲರು ಓದಿ ದಾಟಿಬಿಟ್ಟಿದ್ದರು. ಮ್ಯಾಜಿಸ್ಟ್ರೇಟರು ಅಲ್ಲೇ ನಿಂತರು. ಎಚ್ಚರಿಸಿದವನ ಉದ್ದೇಶ ಹೆದರಿಸುವುದಲ್ಲ ಎಂದು ಬರೆಸಿ, ದೊಡ್ಡ ಆರೋಪವನ್ನು ಕಿತ್ತುಹಾಕಿದರು. ಲೈಸೆನ್ಸ್ ಇಲ್ಲದ ತಪ್ಪಿಗೆ, ಅವತ್ತಿನ ಕಲಾಪ ಮುಗಿದು ಕೋರ್ಟು ಏಳುವ ತನಕ ಅಲ್ಲೇ ಕೂತಿರುವ ಶಿಕ್ಷೆ. ಅವತ್ತಿನಿಂದ ಆ ಮ್ಯಾಜಿಸ್ಟ್ರೇಟರ ಮೇಲೆ ನನಗೆ ಅಪಾರ ಗೌರವ.

ಅದಕ್ಕಿಂತ ಹೆಚ್ಚಿನ ಗೌರವ ಮುನಿಯಪ್ಪನ ಮೇಲೆ. ಇಪ್ಪತ್ತು ದಿನ ಲಾಕಪ್ಪಿನಲ್ಲಿದ್ದವನು. ಹೊರಗೆ ಕ್ಷಮೆ ಕೇಳಲು ಹೋದರೆ ನನ್ನನ್ನೇ ಸಮಾಧಾನ ಮಾಡಿದ.

"ಇದ್ದದ್ದು ಇದ್ದಂಗೆ ಏಳಿದ್ರಲ್ಲ, ಸಾಕು ಬುಡಿ. ಎದ್ರಿಕೆ ಯಾರ್ಗಾಗಾಕಿಲ್ಲ?"

ಹೆದರಿಸುವವನಿಗೆ ಕಾನೂನು ಇದೆ, ಸರಿ. ಹೆದರಿದವನು ಮಾಡುವ ಅನ್ಯಾಯಕ್ಕೆ ಯಾವ ಕಲಂ?