ಬೇರಿಲ್ಲದ ಹಲ್ಲು ಮತ್ತು ಸೊಕ್ಕೆಯ ಜೋಳ

ಹಲ್ಲು ಮುರಿದದ್ದು ಕಲ್ಲಿನಿಂದ ಎಂದೇ ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಮೆಕ್ಕೆಜೋಳದ ಕಾಳುಗಳ ನಡುವೆ ಸೇರಿಕೊಂಡ, ಅದೇ ಬಣ್ಣದ ಸಣ್ಣ ಕಲ್ಲು. ಹೆಂಡತಿಯ ಪ್ರಕಾರ ಅದು ಚನ್ನಗಿರಿಯ ಅವಳ ತವರಿನಿಂದ ಬಂದ ಚಕ್ಕುಲಿ. ಜಗಳೂರಿನ ದಂತವೈದ್ಯೆ ಎಕ್ಸ್‌ರೇ ನೋಡಿ, ಬಿರುಕು ಬಹಳ ಹಳೆಯದು, ಕಲ್ಲೂ ಅಲ್ಲ ಚಕ್ಕುಲಿಯೂ ಅಲ್ಲ ಎಂದರು. ಬರೆಯಲು ಕೂತರೆ ಕಲ್ಲೇ ಮುಂದೆ ಬಂದು ನಿಲ್ಲುತ್ತದೆ. ಅದರಲ್ಲಿ ನನ್ನ ಮರ್ಯಾದೆ ಸ್ವಲ್ಪ ಉಳಿಯುತ್ತದೆ. ಆ ಕಾರಣಕ್ಕೇ ಅದರ ಮೇಲೆ ನನಗೆ ಅನುಮಾನ.

ಬಲಗಡೆಯ ಕೆಳದವಡೆಯ ಆ ಹಲ್ಲು ನನ್ನ ಕೆಲಸದ ಹಲ್ಲು. ನಾನು ಹಳ್ಳಿ ಹಳ್ಳಿಗೆ ಹೋಗಿ ಮೆಕ್ಕೆಜೋಳ ಕೊಳ್ಳುವವನು. ನಮ್ಮಲ್ಲಿ ರಾಶಿಯ ತಳದಿಂದ ಒಂದು ಹಿಡಿ ತೆಗೆದು, ಅದರಲ್ಲಿ ಬೆಳೆದವರು ಒಂದು ಕಾಳು, ಕೊಳ್ಳುವವನು ಒಂದು ಕಾಳು, ಇಬ್ಬರೂ ಒಟ್ಟಿಗೆ ಕಡಿಯುತ್ತಾರೆ. ಒಣಗಿದ ಕಾಳು ಒಡೆಯುತ್ತದೆ. ಹಸಿ ಉಳಿದ ಕಾಳು ಒಡೆಯುವ ಮೊದಲು ತುಸು ಬಾಗುತ್ತದೆ. ಆ ಬಾಗನ್ನು ಹಿಡಿಯಬೇಕು. ಹಿಡಿಯದೆ ಚೀಲಕ್ಕೆ ತುಂಬಿಸಿದರೆ ಒಳಗೊಳಗೇ ಕಾವು ಹುಟ್ಟಿ ಬೂಷ್ಟು ಬರುತ್ತದೆ, ಬೆಳೆದವರ ವರ್ಷದ ದುಡಿಮೆ ಕೆಡುತ್ತದೆ. ತೇವ ಅಳೆಯುವ ಯಂತ್ರ ನನ್ನ ಬ್ಯಾಗಿನಲ್ಲೂ ಇದೆ. ಆದರೆ ಕಣದಲ್ಲಿ ಮೊದಲ ಮಾತು ಹಲ್ಲಿನದು. ಯಂತ್ರ ಬರಿಯ ಹೂಂಗುಟ್ಟುವ ನೆಂಟ.

ವೈದ್ಯೆ ಆ ಮುರಿದ ಹಲ್ಲು ಕಿತ್ತ ಮೇಲೆ ಎಡಗಡೆ ಕಡಿಯತೊಡಗಿದೆ. ಎಡದವಡೆಗೆ ಎಲ್ಲ ಕಾಳೂ ಹಸಿ. ಹೊನ್ನಾಳಿ ಕಡೆಯ ನೀರುಂಡ ದಪ್ಪ ಕಾಳೂ ಅಷ್ಟೇ, ನಮ್ಮ ಜಗಳೂರಿನ ಒಣನೆಲದ ಸಣ್ಣ ಕಾಳೂ ಅಷ್ಟೇ. ಸೊಕ್ಕೆಯಲ್ಲಿ ನಾನು ಮೊದಲಿನಿಂದ ಜೋಳ ಕೊಳ್ಳುತ್ತಿದ್ದ ಒಬ್ಬ ಅಜ್ಜಿಯಿದ್ದಾಳೆ. ಅವಳಿಗೆ ದವಡೆ ಹಲ್ಲುಗಳೇ ಇಲ್ಲ. ತನ್ನ ಪಾಲಿನ ಕಾಳನ್ನೂ ನನ್ನ ಕೈಗೇ ಇಟ್ಟು, "ನಂದೂ ನೀವೇ ಕಡೀರಿ" ಅನ್ನುತ್ತಿದ್ದಳು. ನಾನು ಒಂದು ನನ್ನ ಪರವಾಗಿ, ಒಂದು ಅವಳ ಪರವಾಗಿ ಕಡಿಯುತ್ತಿದ್ದೆ. ಆ ಸಲ ಬಿಸಿಲಿಗೆ ಗರಿಗರಿಯಾಗಿದ್ದ ಅವಳ ರಾಶಿಯನ್ನು ನಾನು ಹಸಿ ಎಂದೆ. ನಾನು ಎಡಗಡೆ ಕಡಿದದ್ದನ್ನು ಅವಳು ನೋಡಿದ್ದಳು.

"ಎಡಗಡೆ ದವಡೆ ಯಾವೂರಿಂದ್ರೀ? ಅದಕ್ಕೆ ಜ್ವಾಳ ಅಂದ್ರೆ ಏನಂತ ಗೊತ್ತಿಲ್ಲ."

"ಅಭ್ಯಾಸ ಆಗಬೇಕು ಅಜ್ಜಿ."

"ನಿಮ್ ದವಡಿಗೆ ಅಭ್ಯಾಸ ಆಗಾತನ ನನ್ ಜ್ವಾಳ ಕಾಯ್ತಾ ಕುಂದ್ರಾಕೆ ಆಗ್ತೈತೇನು? ಹಲ್ಲು ಕಟ್ಟಿಸ್ಕಂಡು ಬರ್ರಿ. ಮುಂದಿನ ಸುಗ್ಗಿಗೂ ಹಿಂಗೇ ಬಂದ್ರೆ ನಾನು ಬ್ಯಾರೇರನ್ನ ಕರೀತೀನಿ."

ಅವಳೊಬ್ಬಳು ಬೇರೆಯವರನ್ನು ಕರೆದರೆ ಇಡೀ ಬೀದಿ ಕರೆಯುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.

ವೈದ್ಯೆ ಹೇಳಿದ ಉಪಾಯ ಕೇಳಿ ನಾನು ಕುರ್ಚಿಯಲ್ಲಿ ಎದ್ದು ಕೂತೆ. ಖಾಲಿ ಜಾಗದ ಹಿಂದೆ ಮುಂದೆ ಇರುವ ಎರಡು ಗಟ್ಟಿ ಹಲ್ಲುಗಳನ್ನು ಸವೆಸಿ ಗೂಟದಂತೆ ಮಾಡುವುದು, ಮೂರು ಹಲ್ಲು ಒಂದೇ ತುಂಡಾಗಿರುವ ಸೇತುವೆಯನ್ನು ಅವುಗಳ ಮೇಲೆ ಕೂರಿಸುವುದು.

"ನಡುವಿನದು ಯಾವುದರ ಮೇಲೆ ನಿಲ್ಲುತ್ತೆ ಮೇಡಂ?"

"ಯಾವುದರ ಮೇಲೂ ಇಲ್ಲ ರೀ. ಅಕ್ಕಪಕ್ಕದವು ಹೊತ್ಕೊಳ್ತವೆ."

"ಅದಕ್ಕೆ ಗಟ್ಟಿ, ಮೆತ್ತಗೆ ಗೊತ್ತಾಗುತ್ತಾ?"

"ಹಲ್ಲಿಗೆ ಯಾವತ್ತೂ ಅದು ಗೊತ್ತಾಗಲ್ಲ. ನಿಮ್ಮ ಹಳೇ ಹಲ್ಲಿಗೂ ಗೊತ್ತಿರಲಿಲ್ಲ. ಬೇರಿನ ಸುತ್ತ ತೆಳ್ಳಗೆ ಒಂದು ಪೊರೆ ಇರುತ್ತೆ. ಹಲ್ಲು ಅದರಲ್ಲಿ ತೂಗು ಹಾಕ್ದಂಗೆ ಇರುತ್ತೆ. ಗೊತ್ತಾಗೋದು ಅದಕ್ಕೆ."

ನಾನು ಬಾಯಿ ತೆರೆದುಕೊಂಡೇ ಉಳಿದೆ, ತೆರೆದಿರಿ ಎಂದು ಅವರು ಹೇಳಿದ್ದರಿಂದ ಮಾತ್ರವಲ್ಲ. ಇಷ್ಟು ವರ್ಷ ಜೋಳವನ್ನು ತಿಳಿದದ್ದು ಕಲ್ಲಿನಂಥ ಹಲ್ಲು ಎಂದುಕೊಂಡಿದ್ದೆ. ತಿಳಿದದ್ದು ಯಾರ ಕಣ್ಣಿಗೂ ಬೀಳದ, ಕಾಗದಕ್ಕಿಂತ ತೆಳುವಾದ ಒಂದು ಪೊರೆ. ಹಲ್ಲಿನ ಜೊತೆ ಅದೂ ಹೋಗಿತ್ತು.

ಅಚ್ಚು ತೆಗೆದರು. ಅದಕ್ಕೆ ಹುಯ್ದ ಗಾರೆ ಗಟ್ಟಿಯಾದ ಮೇಲೆ ನನ್ನ ಕೆಳದವಡೆಯನ್ನು ನನ್ನದೇ ಅಂಗೈ ಮೇಲೆ ಇಟ್ಟರು. ಎಷ್ಟು ಹಗುರ. ನಾನು ಅಂದದ್ದು, ಉಂಡದ್ದು, ಬೈದದ್ದು ಎಲ್ಲ ಇದರ ಮೇಲಿನಿಂದ ಹಾದುಹೋಗಿದೆ. ಹೆಂಡತಿ ಮಾತ್ರ ಕಿಟಕಿಯ ಬೆಳಕಿನಲ್ಲಿ ಬಣ್ಣದ ಮಾದರಿ ಹಲ್ಲುಗಳನ್ನು ಒಂದೊಂದಾಗಿ ನನ್ನ ತುಟಿಗೆ ಹಿಡಿದು ನೋಡುತ್ತಿದ್ದಳು. "ಇಷ್ಟು ಬೆಳ್ಳಗಿಂದು ಬ್ಯಾಡ್ರಿ ಮೇಡಂ. ಹಳೇ ಗ್ವಾಡೆ ನಡುವೆ ಸುಣ್ಣ ಬಳಿದಂಗೆ ಕಾಣ್ತೈತೆ."

ಸೇತುವೆ ಕೂತು, ವೈದ್ಯೆ ಒಂದೆರಡು ಕಾಳಿಗೆ ಅನುಮತಿ ಕೊಟ್ಟ ಮೇಲೆ, ಹೆಂಡತಿ ನನ್ನ ಕಣ್ಣು ಮುಚ್ಚಿಸಿ ಒಮ್ಮೆ ಒಣಗಿದ್ದು, ಒಮ್ಮೆ ನೀರಲ್ಲಿ ನೆನೆಸಿ ಒರೆಸಿದ್ದು ಕೊಟ್ಟಳು. ಎರಡಕ್ಕೂ ತಲೆಯೊಳಗೆ ದೊಡ್ಡ ಸದ್ದು, ಅಷ್ಟೇ. "ಪಾಸಾಗಲಿಲ್ಲ" ಎಂದಳು. ಮತ್ತೆಷ್ಟು ಸಲ ಕೊಟ್ಟಳೋ, ಯಾವತ್ತು ಏನಾದರೂ ತಿಳಿಯತೊಡಗಿತೋ ಹೇಳಲಾರೆ. "ಒಂದು ಸಂಜೆ" ಎಂದು ಬರೆದು ಹೊಡೆದುಹಾಕಿದ್ದೇನೆ. ಅಂಥ ಸಂಜೆ ಇರಲಿಲ್ಲ.

ಸುಗ್ಗಿಗೆ ಸೊಕ್ಕೆಗೆ ಹೋದಾಗ ಅಜ್ಜಿ ಜೋಳವನ್ನು ಆಗಲೇ ಚೀಲಕ್ಕೆ ತುಂಬಿಸಿ ಬಾಯಿ ಹೊಲಿಸಿದ್ದಳು. ಮೊದಲು ನನ್ನ ಬಾಯಿ ತೆರೆಸಿ ಮೊಬೈಲ್ ಬೆಳಕು ಬಿಟ್ಟು ನೋಡಿದಳು. "ಯಾವುದು ಹೊಸದು?" ಎಂದಳು. ನೀವೇ ಹುಡುಕಿ ಎಂದೆ. ಅವಳಿಗೆ ಸಿಗಲಿಲ್ಲ. ಆಮೇಲೆ ಒಂದು ಚೀಲದ ಮೂಲೆಗೆ ತೂತು ಮಾಡಿ ಹಿಡಿ ಕಾಳು ಸುರಿಸಿಕೊಂಡು, ಎರಡು ನನ್ನ ಕೈಗಿಟ್ಟಳು.

ನನ್ನದನ್ನು ಕಡಿದೆ. ಸದ್ದು ಮೇಲೇರಿತು. ಅದರ ಕೆಳಗೆ, ನಡುವಿನ ಬೇರಿಲ್ಲದ ಹಲ್ಲಿನ ಜಾಗದಲ್ಲಲ್ಲ, ಅದರ ಎರಡೂ ಬದಿಯಲ್ಲಿ, ಮುಂದಿನದರ ಬುಡದಲ್ಲಿ ಮೊದಲು, ಹಿಂದಿನದರ ಬುಡದಲ್ಲಿ ಆಮೇಲೆ, ಏನೋ ತುಸು ಬಾಗಿತು. ಗಾಳಿಯಲ್ಲಿ ತೂಗುತ್ತಿದ್ದ ಆ ನಡುವಿನ ಚೂರು ತಾನು ಅರಿಯದ ಸುದ್ದಿಯನ್ನು ಅಕ್ಕಪಕ್ಕಕ್ಕೆ ಒಪ್ಪಿಸಿತ್ತು. ಅವಳ ಕಾಳನ್ನೂ ಕಡಿದೆ. ಅದೂ ಬಾಗಿತು.

"ಇನ್ನೂ ಬಿಸಿಲು ಬೇಕು ಅಜ್ಜಿ."

"ನಂದೂ ಅಂಗೇ ಅಂತೈತಾ?"

"ನಿಮ್ದೂ ಅಂಗೇ ಅಂತೈತೆ."

ಖಾತ್ರಿಗೆ ಯಂತ್ರ ತೆಗೆಯೋಣವೆಂದು ಬ್ಯಾಗಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವಳು ಕುಡುಗೋಲು ತಂದು ಮೊದಲ ಚೀಲದ ಹೊಲಿಗೆಯನ್ನು ಹರಿಯತೊಡಗಿದ್ದಳು. ನಾನು ಬ್ಯಾಗನ್ನು ಗೋಡೆಗೆ ಒರಗಿಸಿ, ಚೀಲದ ಇನ್ನೊಂದು ತುದಿ ಹಿಡಿದು ಎತ್ತಿದೆ. ಜೋಳ ಮತ್ತೆ ಕಣದ ತುಂಬ ಹರಡಿಕೊಂಡಿತು.