ತಗಡಿನ ಟಾಪು, ಬಟ್ಟೆ ಟಾಪು

ತಗಡಿನ ಟಾಪಿನ ಜೀಪು ಕಳಿಸಲು ಹೇಳು ಎಂದು ನನ್ನ ಮಾವ ಹೇಳಿದ್ದರು. ನಾನು ಫೋನಿನಲ್ಲಿ ಬಟ್ಟೆ ಟಾಪಿನದನ್ನು ಕಳಿಸಿ ಎಂದೆ. ಮರುದಿನ ಬೆಳಿಗ್ಗೆ ಅದೇ ಬಂದು ಬಾಗಿಲಲ್ಲಿ ನಿಂತಾಗ, ‘ನಾನು ತಗಡಿನದೇ ಹೇಳಿದ್ದೆ’ ಎಂದು ಎಲ್ಲರೆದುರು ಸುಳ್ಳಾಡಿದೆ. ಆ ಒಂದು ಸುಳ್ಳಿನಿಂದ ಹೊಸಪೇಟೆಯ ಮಾಬುಸಾಬರ ಹೆಸರು ಕಂಪ್ಲಿಯಲ್ಲಿ ಕೆಟ್ಟಿತು. ಕೆಡಿಸಿದವಳು ನಾನು — ಬೇರೆ ಯಾರೂ ಅಲ್ಲ.

ನನ್ನ ಹೆಸರು ಹಂಪಮ್ಮ. ಸೊಕ್ಕಿನ ಹೆಂಗಸು ಎಂದು ಊರಲ್ಲಿ ಅನ್ನುತ್ತಾರೆ, ಅನ್ನುವವರ ಬಾಯಿಗೆ ಬೀಗ ಹಾಕಲು ನಾನು ಹೋಗಿಲ್ಲ, ಏಕೆಂದರೆ ಅದು ನಿಜ. ಹುಟ್ಟಿದ್ದು ಹೊಸಪೇಟೆ, ಎಸ್ಸೆಸ್ಸೆಲ್ಸಿ ಪಾಸಾದವಳು, ಸೇರಿದ್ದು ಕಂಪ್ಲಿಯ ದೊಡ್ಡ ಮನೆ. ಡ್ಯಾಮಿನ ಕಾಲುವೆ ನೀರು ಬಂದ ಮೇಲೆ ನಮ್ಮ ಮಾವ ಭತ್ತ ಬೆಳೆದರು, ಕಬ್ಬು ಬೆಳೆದರು, ಬೆಳೆದದ್ದನ್ನು ಬೇರೆಯವರ ಬಾಗಿಲಿಗೆ ಯಾಕೆ ಒಯ್ಯಬೇಕೆಂದು ಸ್ವಂತ ಅಕ್ಕಿ ಮಿಲ್ಲು ಹಾಕಿದರು. ಓದು ಬರಹ ಇಲ್ಲದ ಮನುಷ್ಯ, ಎರಡು ಕೈಯಲ್ಲಿ ಅಷ್ಟನ್ನು ಕಟ್ಟಿ ನಿಲ್ಲಿಸಿದರು. ಆ ಮನೆಯ ಸೊಸೆ ಎನ್ನಲು ನನಗೆ ಇಂದಿಗೂ ಹೆಮ್ಮೆ.

ಆದರೆ ದುಡ್ಡು ಬಂದ ಮೇಲೆ ನಮ್ಮ ಮನೆಗೆ ಮೊದಲು ಟ್ರ್ಯಾಕ್ಟರ್ ಬಂತು, ಆಮೇಲೆ ಫೋನು ಬಂತು, ಅದರ ಬೆನ್ನಿಗೇ ಗೋಷಾ ಬಂತು. ಸಂಡೂರಿನ ಕಡೆ ಯಾವುದೋ ದೊಡ್ಡ ಮನೆತನದ ಹೆಂಗಸರು ಪರದೆ ಕಟ್ಟಿದ ಕಾರಿನಲ್ಲಿ ಹೋಗುವುದನ್ನು ಮಾವ ನೋಡಿಬಿಟ್ಟಿದ್ದರು. ಅಂದಿನಿಂದ ನಮ್ಮ ಮನೆಯ ಹೆಂಗಸರೂ ಯಾರ ಕಣ್ಣಿಗೂ ಬೀಳಬಾರದೆಂದಾಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂದು ಓಣಿಯವರು ಹಿಂದಿನಿಂದ ಆಡಿಕೊಂಡರು, ಎದುರಿಗೆ ಆಡುವ ಧೈರ್ಯ ಯಾರಿಗಿತ್ತು? ಇದರ ಪೆಟ್ಟು ಬಿದ್ದದ್ದು ನಮ್ಮ ಅತ್ತೆ ಗೌರಮ್ಮನಿಗೆ. ಅವರು ಬುಕ್ಕಸಾಗರದ ಹೆಣ್ಣು. ಮದುವೆಗೆ ಮುಂಚೆಯೂ ಆಮೇಲೂ ಮೊಣಕಾಲುದ್ದ ಕೆಸರಿನಲ್ಲಿ ಹಾಡು ಹೇಳುತ್ತ ಭತ್ತದ ಸಸಿ ಹಚ್ಚಿದವರು. ಆ ಗೌರಮ್ಮ ಈಗ ಮಿಲ್ಲಿನ ಮುಂಬಾಗಿಲಿಗೂ ಬರುವಂತಿರಲಿಲ್ಲ.

ಒಂದು ವರ್ಷ ಬೇಸಗೆ ಪೈರಿನ ನಾಟಿ ನಡೆದಿದ್ದ ದಿನಗಳು. ಹಂಪಿಯ ಹತ್ತಿರ ಹೊಳೆಯ ನಡುಗಡ್ಡೆಯಲ್ಲಿ ಮಾವನ ಸ್ನೇಹಿತರೊಬ್ಬರ ಬಾಳೆತೋಟವಿತ್ತು, ಅದರಲ್ಲಿ ಒಂದು ಹಂಚಿನ ಮನೆಯೂ ಇತ್ತು. ಪಟ್ಟಣದ ಮಂದಿ ಊಟಿಗೆ ಹೋಗುತ್ತಾರಲ್ಲ, ನಾವೂ ನಾಲ್ಕು ದಿನ ಆ ಗಡ್ಡೆಯಲ್ಲಿ ಇದ್ದು ಬರೋಣ ಎಂದು ಮಾವನಿಗೆ ಹುಕಿ ಬಂತು. ಹೊಳೆಯ ಒಂದು ಕವಲು ಆಗ ಮೊಣಕಾಲುದ್ದ ಇಳಿದಿರುತ್ತದೆ. ಬಂಡೆ, ಮರಳು, ನೀರು ಮೂರನ್ನೂ ದಾಟಬೇಕಾದರೆ ಜೀಪೇ ಆಗಬೇಕು.

ಹೊಸಪೇಟೆಯಲ್ಲಿ ಜೀಪು ಬಾಡಿಗೆಗೆ ಕೊಡುತ್ತಿದ್ದವರು ಮಾಬುಸಾಬರು. ಸಂಡೂರಿನ ಗಣಿ ಕಡೆಯಿಂದ ಎರಡು ಹಳೇ ಜೀಪು ಹರಾಜಿನಲ್ಲಿ ಹಿಡಿದು ತಾವೇ ರಿಪೇರಿ ಮಾಡಿಕೊಂಡಿದ್ದರು. ಒಂದಕ್ಕೆ ಬಟ್ಟೆಯ ಟಾಪು, ಬೇಕೆಂದಾಗ ಸುತ್ತಿ ಹಿಂದಕ್ಕೆ ಕಟ್ಟಬಹುದು. ಇನ್ನೊಂದಕ್ಕೆ ತಗಡಿನ ಟಾಪು, ಹಿಂದೆ ಅಂಗೈ ಅಗಲದ ಎರಡು ಕಿಟಕಿ, ಅದಕ್ಕೂ ಪರದೆ. ಮದುವೆಗೆಂದು ಕಂಪ್ಲಿಯವರೆಲ್ಲ ಅವರನ್ನೇ ಕರೆಯುತ್ತಿದ್ದರು, ಹೊತ್ತಿಗೆ ಸರಿಯಾಗಿ ಬರುತ್ತಾರೆ, ಹೇಳಿದ್ದನ್ನೇ ತರುತ್ತಾರೆ ಎಂಬ ಹೆಸರಿತ್ತು.

ಯಾವ ಜೀಪು ತರಿಸುವುದು ಎಂದು ನಮ್ಮ ಪಡಸಾಲೆಯಲ್ಲಿ ದೊಡ್ಡ ಪಂಚಾಯಿತಿಯೇ ನಡೆಯಿತು. ತಗಡಿನದು ಬಿಸಿಲಿಗೆ ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ, ಬಟ್ಟೆಯದಾದರೆ ಗಾಳಿ ಆಡುತ್ತದೆ ಎಂದು ನನ್ನ ಗಂಡ ತಲೆ ತುರಿಸುತ್ತ ಅಂದರು. ಬಟ್ಟೆಯದರಲ್ಲಿ ಧೂಳು ನುಗ್ಗುತ್ತದೆ, ಹಂಪಿಯ ಮಂಗಗಳು ಬುತ್ತಿಗಂಟು ಎತ್ತಿಕೊಂಡು ಹೋಗುತ್ತವೆ ಎಂದು ಮಾವ.

“ಗಾಳಿ ಬೇಕಂದ್ರ ನೀ ಟ್ರ್ಯಾಕ್ಟರ್ ಮ್ಯಾಲ ಕುಂದ್ರಲೇ. ನಮ್ಮನಿ ಹೆಣಮಕ್ಳು ಸಂತ್ಯಾಗಿನ ಬದನಿಕಾಯಿ ಅಲ್ಲ, ಹೋಗೋರು ಬರೋರು ನೋಡಾಕ!”

ಅಲ್ಲಿಗೆ ಮಾತು ಮುಗಿಯಿತು. ಅತ್ತೆಯನ್ನು ಯಾರೂ ಕೇಳಲಿಲ್ಲ. ನನ್ನನ್ನಂತೂ —

ನನ್ನನ್ನು ಕೇಳಲಿಲ್ಲ, ಆದರೆ ಫೋನು ನನ್ನ ಕೈಯಲ್ಲಿತ್ತು. ಮಾವನಿಗೆ ಫೋನಿನ ದನಿ ಸರಿಯಾಗಿ ಕೇಳುತ್ತಿರಲಿಲ್ಲ, ಟ್ರಂಕ್ ಕಾಲಿಗೆ ನಂಬರು ಹೇಳಿ ಕಾಯುವ ತಾಳ್ಮೆಯೂ ಇರಲಿಲ್ಲ. ನಮ್ಮ ಮುಖಕ್ಕಿದ್ದ ಗೋಷಾ ದನಿಗೆ ಇರಲಿಲ್ಲವಾದ್ದರಿಂದ ಮಿಲ್ಲಿನ ಮಾತೆಲ್ಲ ಒಳಕೋಣೆಯಿಂದ ನಾನೇ ಆಡುತ್ತಿದ್ದೆ. ಆ ಸಂಜೆ ಮಾವ ಹೊರಗೆ ಭತ್ತದ ಗಾಡಿಯವರ ಜೊತೆ ಜಗಳದಲ್ಲಿದ್ದರು. ಲೈನು ಸಿಕ್ಕಿತು. ಮಾಬುಸಾಬರು ಕೇಳಿದರು, “ಯಾವುದು ಬೇಕ್ರಿ ಅಮ್ಮಾ?”

“ಬಟ್ಟಿ ಟಾಪಿಂದ ಕಳಸ್ರಿ.”

“ನಿಮ್ಮ ಮಾವಾರು ಯಾವಾಗ್ಲೂ ತಗಡಿಂದ ಕೇಳ್ತಾರಲ್ರಿ?”

“ಈ ಸಲ ಬಟ್ಟೀದ ಹೇಳ್ಯಾರ್ರಿ.”

ಅತ್ತೆಯ ಸಲುವಾಗಿ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಕೇಳಲು ಚೆಂದ — ಆದರೆ ಸುಳ್ಳು. ಮದುವೆಯಾಗಿ ಅದೇ ತಗಡಿನ ಡಬ್ಬಿಯಲ್ಲಿ ಕೂತು ನಾನು ಕಂಪ್ಲಿಗೆ ಬಂದಿದ್ದೆ, ಊರು ಹೇಗಿದೆಯೆಂದು ಕೂಡ ನೋಡಿರಲಿಲ್ಲ. ನನಗೆ ಹೊಳೆ ನೋಡಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಹೊಸ ಇಳಕಲ್ ಸೀರೆ ಉಟ್ಟು ತೆರೆದ ಜೀಪಿನಲ್ಲಿ ಕೂತ ನನ್ನನ್ನು ನಾಲ್ಕು ಜನ ನೋಡಬೇಕಿತ್ತು. ಬಂದ ಮೇಲೆ ವಾಪಸು ಕಳಿಸಲು ಹೊತ್ತು ಇರುವುದಿಲ್ಲ, ಗೊಣಗುತ್ತ ಹೊರಡುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಮುಂದಿನ ಮಾತಿಗೆ ಯಾರು ತಲೆ ಕೊಡಬೇಕಾಗುತ್ತದೆ ಎಂದು ಯೋಚಿಸಿರಲಿಲ್ಲ.

ಬೆಳಿಗ್ಗೆ ಮಾಬುಸಾಬರೇ ಜೀಪು ಓಡಿಸಿಕೊಂಡು ಬಂದರು. ಮಾವ ನೋಡಿದರು. ಮಿಲ್ಲಿನ ಹಮಾಲರು, ಭತ್ತ ತಂದ ರೈತರು, ಓಣಿಯ ಮಂದಿ ಎಲ್ಲ ನಿಂತಿದ್ದರು.

“ಏನಿದು ಸಾಬಾ? ನಾ ಹೇಳಿದ್ದು ತಗಡಿಂದು.”

“ಇಲ್ರಿ ಯಜಮಾನ್ರ, ಫೋನಿನ್ಯಾಗ —” ಎಂದು ಅವರು ಬಾಗಿಲ ಕಡೆ ನೋಡಿದರು. ಮಾವನೂ ತಿರುಗಿದರು. ಬಾಗಿಲ ಹಿಂದೆ ನಾನು.

“ನೀ ಯಾವುದು ಹೇಳಿದ್ದಿ?”

“ತಗಡಿಂದ ಹೇಳೀನ್ರಿ ಮಾವಾರ.”

ನಡುಗದೆ ಹೇಳಿದೆ. ನಿಜ ಹೇಳಿದ್ದರೆ ಅಂದೇ ನನ್ನನ್ನು ತವರಿನ ಬಸ್ಸು ಹತ್ತಿಸುತ್ತಿದ್ದರು, ಅದು ಖಂಡಿತ. ಇದನ್ನು ನೆಪವೆಂದು ಹೇಳುತ್ತಿಲ್ಲ — ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ನಾನು ಬಿಟ್ಟು ಮತ್ತಾರೂ ಇರಲಿಲ್ಲ. ಮಾಬುಸಾಬರು ಬಾಗಿಲ ಸಂದಿಯಲ್ಲಿ ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದರು.

“ನಂದ ತಪ್ಪು ಯಜಮಾನ್ರ. ನಾನ ಮರ್ತೀನಿ.”

ಮಾವ ಊರು ಕೇಳುವಂತೆ ಬೈದರು. ಕೊನೆಗೆ ಬಟ್ಟೆಯ ಅಂಚನ್ನೆಲ್ಲ ಹಗ್ಗ ಹಾಕಿ ಬಿಗಿಸಿ ಕಟ್ಟಿಸಿ, ಅತ್ತೆ ಸೊಸೆ ಇಬ್ಬರನ್ನೂ ಒಳಗೆ ತುಂಬಿ, ಗಂಡಸರೆಲ್ಲ ಸಾಮಾನಿನ ಜೊತೆ ಟ್ರ್ಯಾಕ್ಟರಿನಲ್ಲಿ ಮುಂದೆ ಹೋದರು.

ಆ ದಾರಿಯ ಬಗ್ಗೆ ಬರೆಯುವಾಗ ನನ್ನ ಕೈ ತಪ್ಪಿತಸ್ಥಳ ಕೈಯಂತೆ ಅಂಜುವುದಿಲ್ಲ, ಏನು ಮಾಡಲಿ? ಬುಕ್ಕಸಾಗರದ ಹತ್ತಿರ ಅತ್ತೆಗೆ ಉಸಿರು ಕಟ್ಟಿದಂತಾಯಿತು. ಟ್ರ್ಯಾಕ್ಟರು ಕಣ್ಣಿಗೆ ಕಾಣದಷ್ಟು ಮುಂದೆ ಹೋಗಿತ್ತು. ನಾನು ಹಗ್ಗಕ್ಕೆ ಕೈ ಹಾಕುವ ಮೊದಲೇ ಅತ್ತೆ ಗಂಟು ಬಿಚ್ಚಿದ್ದರು. ಮಾಬುಸಾಬರು ಜೀಪು ನಿಲ್ಲಿಸಿ ಇಳಿದು, ಟಾಪನ್ನು ಸುತ್ತಿ ಹಿಂದೆ ಕಟ್ಟಿದರು. ಎರಡೂ ಕಡೆ ಗದ್ದೆ, ನಾಟಿ ಹಚ್ಚುವ ಹೆಂಗಸರ ಸಾಲು. ಅವರಲ್ಲೊಬ್ಬಳು ಸೊಂಟ ನೆಟ್ಟಗೆ ಮಾಡಿ ಹಣೆಗೆ ಕೈ ಹಚ್ಚಿ ನೋಡಿ ಕೂಗಿದಳು, “ಏ ಗೌರೀ! ಗೌರಿ ಅಲ್ಲನ ನೀನು? ಸತ್ತೀ ಅಂತ ತಿಳಕೊಂಡಿದ್ವೆಲ್ಲೇ!”

ಅತ್ತೆ ಜೀಪಿನ ಕಂಬಿ ಹಿಡಿದು ಎದ್ದು ನಿಂತರು. ತಲೆಯ ಮೇಲಿನ ಸೆರಗು ಗಾಳಿಗೆ ಹಾರಿ ಹೆಗಲಿಗೆ ಬಿತ್ತು, ಎತ್ತಿಕೊಳ್ಳಲಿಲ್ಲ. “ಇದ್ದೀನೆಲೇ! ಜೀಪಿನ್ಯಾಗ ಇದ್ದೀನಿ!” ಎಂದು ತಿರುಗಿ ಕೂಗಿದರು. ಹೊಳೆ ದಾಟಿ ಗಡ್ಡೆ ಮುಟ್ಟುವ ತನಕ ಕೂರಲೇ ಇಲ್ಲ. ತೋಟದ ಮನೆ ಕಾಣುವ ಮುಂಚೆ ಟಾಪನ್ನು ಮತ್ತೆ ಎಳೆದು ಬಿಗಿಸಿದೆವು, ಮಾವನಿಗೆ ತಿಳಿಯಲೇ ಇಲ್ಲ. ಅವರ ಮುಖ ಹಾಗೆ ಅರಳಿದ್ದನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಅಂದು ನನ್ನ ಎದೆ ಉಬ್ಬಿದ್ದು ಇಂದಿಗೂ ಇಳಿದಿಲ್ಲ. ನನ್ನ ಸುಳ್ಳಿಗೆ ನಾಚುತ್ತೇನೆ, ಆ ದಿನಕ್ಕೆ ನಾಚಲು ನನ್ನಿಂದ ಆಗದು.

ಅದರ ಬೆಲೆ ತೆತ್ತವರು ಮಾತ್ರ ಬೇರೆಯವರು. ಗಡ್ಡೆಯಿಂದ ಮರಳಿದ ಮೇಲೆ ಮಾವ ಸಂತೆಯಲ್ಲಿ, ಮಿಲ್ಲಿನಲ್ಲಿ, ಮದುವೆ ಪಂಕ್ತಿಯಲ್ಲಿ ಇದನ್ನೇ ಹೇಳಿದರು. ಹೇಳುವ ಕಲೆ ಅವರಿಗೆ ಚೆನ್ನಾಗಿಯೇ ಇತ್ತು, ಜನ ನಕ್ಕರು. ಮಾತು ಬೆಳೆಯಿತು. ಸಣ್ಣ ಸೋನಾ ಅಕ್ಕಿ ಅಂತ ಹೇಳಿ ದಪ್ಪ ಮೋಟಾ ಕಳಿಸಿದರೆ ‘ಮಾಬುಸಾಬನ ಜೀಪು ಮಾಡಿದಿ’. ಬರುತ್ತೇನೆ ಎಂದವನು ಬಾರದಿದ್ದರೆ ‘ಮಾಬುಸಾಬನ ಜೀಪು ಆತು ಬಿಡು’. ಮದುವೆಗೆ ಜೀಪು ಬೇಕಾದವರು ಗಂಗಾವತಿಯಿಂದ ತರಿಸತೊಡಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಪ್ರತಿ ಸಲವೂ ನನ್ನ ಕೈ ಹೆಗಲಿಗೆ ಹೋಗುತ್ತಿತ್ತು. ಬಾಯಿ ಮಾತ್ರ ತೆರೆಯಲಿಲ್ಲ. ಅತ್ತೆ ಹೋದರು, ಮಾವ ಹೋದರು, ಅವರ ಪಟ ಮಿಲ್ಲಿನ ಆಫೀಸಿನಲ್ಲಿ ಹಾರ ಹಾಕಿಕೊಂಡು ಕೂತಿತು. ಆಗಲೂ —

ಹೋದ ವರ್ಷ ನನ್ನ ಮಗ ಯಾರಿಗೋ ಅದೇ ಮಾತು ಅಂದು ನಗುತ್ತಿದ್ದ. ಮಿಲ್ಲು ಈಗ ಅವನೇ ನೋಡುತ್ತಾನೆ. ಮಾಬುಸಾಬ ಯಾರೆಂದು ಗೊತ್ತೇನೋ ಎಂದು ಕೇಳಿದೆ. “ಯಾವುದೋ ಹಳೇ ಕಥಿಯಾಗಿನವ ಅಲ್ಲನಬೇ?” ಅಂದ. ಉಸಿರಾಡುವ ಮನುಷ್ಯನನ್ನು ನಾನು ಕಥೆ ಮಾಡಿ ಇಟ್ಟಿದ್ದೆ. ಮರುದಿನ ಹೊಸಪೇಟೆ ಬಸ್ಸು ಹತ್ತಿದೆ.

ಮಾಬುಸಾಬರು ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಗಡ್ಡ ಪೂರಾ ಬೆಳ್ಳಗಾಗಿತ್ತು. ಜೀಪುಗಳನ್ನು ಮಾರಿ ಎಷ್ಟೋ ಕಾಲವಾಗಿತ್ತಂತೆ. ನಾನು ಯಾರೆಂದು ಹೇಳಿ, ಮಾಡಿದ್ದನ್ನು ಹೇಳಿ, ಕೈ ಮುಗಿದೆ. ಅವರು ಸಿಟ್ಟಾಗಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ.

“ನನಗ ಯಾಕ ಹೇಳ್ತೀರಮ್ಮಾ? ನನಗ ಗೊತ್ತೈತಲ್ಲ. ಅವತ್ತ ನಿಮ್ಮ ಸಂಸಾರ ಮುರೀಬಾರ್ದು ಅಂತ ಒಪ್ಕೊಂಡೆ. ಒಂದ ದಿನದ ಮಾತು ಅಂದ್ಕೊಂಡಿದ್ದೆ. ಆಮ್ಯಾಲ ಒಮ್ಮಿ ಕಂಪ್ಲ್ಯಾಗ ಚಾ ಅಂಗಡ್ಯಾಗ ಕುಂತಿದ್ದೆ. ಹೆಸರು ಕೇಳಿದ್ರು, ಹೇಳಿದೆ. ಅಂಗಡಿಗೆ ಅಂಗಡಿನ ನಕ್ಕತು. ಅವತ್ತಿಂದ ಆ ಊರಿಗೆ ಕಾಲಿಟ್ಟಿಲ್ಲ.” ಕಟ್ಟೆಯಿಂದ ಎದ್ದು ನಿಂತು ಅಂದರು, “ಹೇಳೂದಿದ್ರ ಕಂಪ್ಲ್ಯಾಗ ಹೇಳ್ರಿ.”

ತಿರುಗಿ ಬರುವಾಗ ಬಸ್ಸಿನಲ್ಲಿ ಕಣ್ಣೀರು ಹಾಕಿದೆ. ಕ್ಷಮೆ ಸಿಗಲಿಲ್ಲವೆಂದಲ್ಲ. ಯಾರಿಗೆ ಗೊತ್ತಿತ್ತೋ ಅವರಿಗೇ ಹೋಗಿ ಗುಟ್ಟಾಗಿ ಹೇಳಿ, ಹಗುರಾಗಿ ಮನೆಗೆ ಬರುವ ಹಂಚಿಕೆ ನನ್ನದಾಗಿತ್ತು, ಅದನ್ನು ಅವರು ಕಂಡುಬಿಟ್ಟಿದ್ದರು.

ಮರುದಿನ ಮಿಲ್ಲಿನ ಮುಂಬಾಗಿಲಿಗೆ ಹೋದೆ. ರೇಟು ಕೇಳಲು ಬಂದ ದಲ್ಲಾಳಿಗಳು, ಹಮಾಲರು, ಲಾರಿಯವರು ಕೂತಿದ್ದರು. ಹೆಂಗಸರು ಅಲ್ಲಿಗೆ ಬರುವ ರೂಢಿ ಈಗಲೂ ನಮ್ಮ ಮನೆಯಲ್ಲಿಲ್ಲ. “ಅವ್ವಾ, ಒಳಗ ನಡಿ” ಎಂದ ಮಗ. ವಿಷಯ ರಾತ್ರಿಯೇ ಅವನಿಗೆ ಹೇಳಿದ್ದೆ. ಅಜ್ಜನ ಮರ್ಯಾದೆ ಹೋಗುತ್ತದೆ ಎಂದು ಕೈ ಹಿಡಿದು ಬೇಡಿಕೊಂಡಿದ್ದ. ನಾನು ನಿಂತೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ, ಇಲ್ಲಿ ಬರೆದದ್ದನ್ನೆಲ್ಲ ಮೊದಲಿಂದ ಕೊನೆಯವರೆಗೆ ಹೇಳಿದೆ. ದನಿ ನಡುಗಿತು. ಅಂದು ಸುಳ್ಳು ಹೇಳುವಾಗ ನಡುಗಿರಲಿಲ್ಲ.

ಮಾವನ ಕಾಲದ ಮುದುಕ ದಲ್ಲಾಳಿ ಒಬ್ಬ ಎಲೆ ಅಡಿಕೆ ಉಗಿದು ಬಂದು, ಗಂಭೀರವಾಗಿಯೇ ಕೇಳಿದ, “ಹಂಗಾರ ಅಕ್ಕಾರ, ಆ ಮಾತು ಬ್ಯಾಡ ಅಂದ್ರ ಇನ್ನಮ್ಯಾಲ ನಾವು ಏನನ್ನೋಣ?”

“ಹಂಪಮ್ಮನ ಫೋನು ಅನ್ರಿ” ಅಂದೆ.

ಕಂಪ್ಲಿಯಲ್ಲಿ ಹೇಳಿದ್ದಾಯಿತು ಎಂದು ಮಾಬುಸಾಬರಿಗೆ ಹೇಳಿಕಳಿಸಿದ್ದೇನೆ. ಅವರು ಇನ್ನೂ ಬಂದಿಲ್ಲ, ಬರಬೇಕೆಂದು ಕೇಳುವ ಹಕ್ಕೂ ನನಗಿಲ್ಲ. ಹಳೇ ಮಾತು ಅಷ್ಟು ಬೇಗ ಸಾಯುವುದಿಲ್ಲ, ಸಂತೆಯಲ್ಲಿ ಇನ್ನೂ ಕೇಳುತ್ತದೆ. ಕೇಳಿದಲ್ಲೆಲ್ಲ ನಿಂತು ತಿದ್ದುತ್ತೇನೆ, ಮುದುಕಿಗೆ ಹುಚ್ಚು ಎನ್ನುತ್ತಾರೆ. ಮೊನ್ನೆ ಗೋಡೌನಿನ ಆಚೆ ಬದಿಯಲ್ಲಿ ಒಬ್ಬ ಹಮಾಲ ಇನ್ನೊಬ್ಬನಿಗೆ, “ಏ, ಹಂಪಮ್ಮನ ಫೋನು ಮಾಡಬ್ಯಾಡಲೇ, ಖರೇ ಹೇಳು” ಅಂದ. ನಾನು ಈಚೆ ಇರುವುದು ಅವನಿಗೆ ಗೊತ್ತಿರಲಿಲ್ಲ. ಯಾವನವನು ಎಂದು ಗದರಿಸಿ ಕೇಳಬೇಕೆನಿಸಿ ಎರಡು ಹೆಜ್ಜೆ ಹೋದೆ ಕೂಡ. ಆಮೇಲೆ ನಿಂತೆ. ಅನ್ನಲಿ.