ಮೀಟರಿಲ್ಲದ ಓಣಿಗೆ ಬಂದ ಬೇವು

ಮಸ್ಕಿಯವರಾದ ನಮಗೆ ನೆರಳು ಬೇಕು, ಗಿಡ ಬೇಡ. ಗಿಡ ಪಕ್ಕದ ಅಂಗಡಿಯವನ ಬೋರ್ಡು ಮುಚ್ಚಬೇಕು, ನೆರಳು ಮಾತ್ರ ನಮ್ಮ ಕಟ್ಟೆಗೆ ಬೀಳಬೇಕು. ಇಂಥ ಊರಿನಲ್ಲಿ ಗಿಡವೇ ಬೇಕೆಂದು ಬಾಯಿಬಿಟ್ಟು ಕೇಳಿದವಳು ಯಂಕಮ್ಮ ಒಬ್ಬಳೇ.

ಅವಳ ಓಣಿಗೆಲ್ಲ ಇದ್ದದ್ದು ಒಂದೇ ನಲ್ಲಿ. ಅದರಲ್ಲಿ ನೀರು ಬರುತ್ತಿದ್ದದ್ದು ಸೂರ್ಯ ನೆತ್ತಿಗೇರಿದ ಮೇಲೆ. ವಳಕಮದಿನ್ನಿಯ ಗದ್ದೆಗಳಿಗೆ ನಾಟಿ ಹಚ್ಚಲು ಹೋಗದ ದಿನ ಅವಳು ಕೊಡಗಳ ಸಾಲಿನಲ್ಲಿ ನಿಂತು ಒಣಗುತ್ತಿದ್ದಳು. ಒಂದು ಬೇಸಿಗೆಯಲ್ಲಿ ತುಂಬು ಬಸುರಿ ಮಗಳು ಮಾರೆಮ್ಮ ಆ ಸಾಲಿನಲ್ಲೇ ತಲೆ ತಿರುಗಿ ಬಿದ್ದಳು. ಮಗಳೂ ಕೂಸೂ ಉಳಿದರು. ಅಂದಿನಿಂದ ಯಂಕಮ್ಮನಿಗೆ ಒಂದೇ ಹಟ: ನಲ್ಲಿಗೆ ನೆರಳು ತರಬೇಕು.

ಎಂಬತ್ತೆಂಟರ ಮಳೆಗಾಲದಲ್ಲಿ ಲಿಂಗಸುಗೂರಿನ ಅರಣ್ಯ ಇಲಾಖೆಯ ಸಾಹೇಬರೊಬ್ಬರು ಲಾರಿ ತುಂಬ ಬೇವಿನ ಸಸಿ ತಂದು ಇಳಿಸಿದರು. ಹತ್ತು ಮೀಟರಿಗೊಂದು ಗಿಡ, ಬಾಗಿಲಿಗೆ ಅಡ್ಡ ಬರಬಾರದು, ಕರೆಂಟಿನ ತಂತಿಯ ಕೆಳಗೆ ಬೇಡವೇ ಬೇಡ ಎಂದು ಪಂಚಾಯಿತಿಯ ಆಳು ಅಂಬಪ್ಪನಿಗೆ ಹೇಳಿ ಹೋದರು. ಅಂಬಪ್ಪ ಗಂಭೀರವಾಗಿ ತಲೆಯಾಡಿಸಿದ. ಅವನು ನೆಲ ಅಳೆಯುತ್ತಿದ್ದದ್ದು ಮಾರಿನಲ್ಲಿ, ಗಜದಲ್ಲಿ. ಮೀಟರ್ ಎಂದರೆ ಅವನಿಗೆ ಗೋಡೆಗೆ ಹೊಡೆದ, ಒಳಗೆ ಚಕ್ರ ತಿರುಗುವ ಕರೆಂಟಿನ ಡಬ್ಬಿ.

ಬಜಾರದ ಗೋಡೆಗಳನ್ನು ನೋಡುತ್ತ ಹೊರಟ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಖಾನಾವಳಿ... ಹತ್ತು ಡಬ್ಬಿ ಎಣಿಸಿದಲ್ಲೆಲ್ಲ ಒಂದೊಂದು ಗುಂಡಿ ತೋಡಿ ಸಸಿ ಹಚ್ಚಿದ. ತಂತಿಯ ಮಾತು ಮರೆತೇ ಹೋಗಿತ್ತು. ನಮಗ್ಯಾರಿಗೂ ಅದು ತಪ್ಪೆನಿಸಲಿಲ್ಲ. ನಮ್ಮ ಬಾಗಿಲಿಗೆ ಬರಲಿಲ್ಲವಲ್ಲ ಎಂಬ ಖುಷಿಯಲ್ಲಿದ್ದೆವು. ಉಳಿದ ಸಸಿಗಳು ಪಂಚಾಯಿತಿಯ ಹಿತ್ತಲಲ್ಲಿ ರಾಶಿ ಬಿದ್ದವು.

ಯಂಕಮ್ಮ ಅಲ್ಲಿಗೇ ಹೋಗಿ ಅವನನ್ನು ಹಿಡಿದಳು. "ಲೇ ಅಂಬ್ಯಾ, ನಮ್ಮ ಓಣಿ ಮಸ್ಕ್ಯಾಗ ಇಲ್ಲೇನು?"

"ಐತಿ ಯಕ್ಕ. ಆದ್ರ ನಿಮ್ಮಲ್ಲಿ ಒಂದರ ಮೀಟರ್ ಐತೇನು? ರೂಲ್ ಅಂದ್ರ ರೂಲ್."

"ಗಿಡಕ್ಕ ಕರೆಂಟ್ ಬೇಕಾಗ್ತದೇನೋ, ಬಾಡ್ಯಾ? ಅದೇನು ಹಿಟ್ಟು ಬೀಸ್ತದೇನು?"

ಅಂಬಪ್ಪ ರೂಲ್ ಬಿಟ್ಟು ಕದಲಲಿಲ್ಲ. ಸಾಹೇಬರು ಗಿಡ ನೋಡಲು ಬಂದ ದಿನ ಯಂಕಮ್ಮ ಖಾಲಿ ಕೊಡ ಹಿಡಿದು ಬಜಾರದಲ್ಲೇ ಅವರ ಜೀಪಿಗೆ ಅಡ್ಡ ನಿಂತಳು.

"ಸಾಹೇಬ್ರ, ಮೀಟರ್ ಇಲ್ಲದವ್ರು ಬಿಸಲಾಗ ಸಾಯ್ಬೇಕಂತ ಯಾ ಸರ್ಕಾರ ಬರದೈತ್ರಿ?"

ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ. ಅಂಬಪ್ಪ ಬಿಡಿಸಿ ಹೇಳಿದ ಮೇಲೆ ಜೀಪಿನ ಬಾನೆಟ್ ಹಿಡಿದುಕೊಂಡು ನಕ್ಕರು. ತಲೆಯ ಮೇಲಿನ ತಂತಿಗಳನ್ನು ನೋಡಿ ನಗು ನಿಂತಿತು. "ಇವು ಬೆಳೆದರೆ ವರ್ಷಾ ವರ್ಷಾ ಕಡೀತಾರಲ್ಲೋ ಮಾರಾಯಾ! ತಂತಿ ಕೆಳಗೆ ಬೇಡ ಅಂದಿದ್ದೆ. ಉಳಿದದ್ದೆಲ್ಲ ಈಯಮ್ಮನ ಓಣಿಗೆ ಹಚ್ಚು. ಅಲ್ಲಿ ತಂತಿಯೇ ಇಲ್ಲ."

ಈ ಸಲ ಟೇಪು ಹಿಡಿದು ಅಳೆದರು. ಓಣಿಯ ಒಂದು ಮಗ್ಗುಲಿಗೆ, ನಲ್ಲಿಯವರೆಗೆ, ಸಾಲಾಗಿ ಬೇವು ನಿಂತಿತು. ಯಂಕಮ್ಮ ಜಾಲಿಮುಳ್ಳು ಕಟ್ಟಿದಳು, ಮುಸುರೆ ತೊಳೆದ ನೀರು ಹಾಕಿದಳು, ಆಡು ಬಿಟ್ಟವರ ವಂಶವನ್ನೇ ಜಾಲಾಡಿದಳು. ಬಜಾರದ ಗಿಡಗಳು ಪ್ರತಿ ವರ್ಷ ಕೊಂಬೆ ಕಡಿಸಿಕೊಂಡು ಬೋಳುತಲೆ ಹೊತ್ತು ನಿಂತವು. ಓಣಿಯ ಬೇವು ಯಾರ ಕೊಡಲಿಗೂ ಸಿಗದೆ ಮಾಡು ಮೀರಿ ಬೆಳೆಯಿತು.

ತೊಂಬತ್ತಾರರಲ್ಲಿ ಓಣಿಗೂ ಕರೆಂಟ್ ಬಂತು. ಲೈನ್‌ಮನ್ ದಸ್ತಗೀರ್‌ಸಾಬ್ ಬೇವಿನ ಸಾಲಿನಲ್ಲೇ ಕಂಬಕ್ಕೆ ಗುರುತು ಹಾಕಿ, ಕೊಡಲಿಯವರನ್ನು ಕರೆದ. ಯಂಕಮ್ಮ ಮೊದಲ ಗಿಡಕ್ಕೆ ಬೆನ್ನು ಕೊಟ್ಟು ಕೂತಳು. ಕೊಡ ಹಿಡಿದ ಹೆಂಗಸರು ಉಳಿದ ಗಿಡಗಳಿಗೆ ಒರಗಿ ಕೂತರು.

"ಏಳಬೇ ಯಂಕಮ್ಮ. ತಂತಿ ಕೆಳಗ ಗಿಡ ಇರಬಾರದು, ರೂಲ್ ಐತಿ."

"ಆ ರೂಲ್ ನಂಗೂ ಗೊತ್ತೈತಿ, ಮಾಮಾ. ಗಿಡ ಮೊದ್ಲ ಬಂದಾವ, ನಿನ್ನ ತಂತಿ ಈಗ ಬರಾಕತ್ತೈತಿ. ಗಿಡಕ್ಕ ಕಾಲಿಲ್ಲ. ನಿನ್ನ ಕಂಬ ಇನ್ನೂ ಗಾಡ್ಯಾಗ ಮಲಗೈತಿ, ಆಚಿ ಮಗ್ಗಲಕ್ಕ ಹಾಕು."

ದಸ್ತಗೀರ್‌ಸಾಬ್ ಓಣಿಯ ಆಚೆ ಬದಿ ನೋಡಿದ. ಖಾಲಿ ಇತ್ತು. ತನ್ನ ಆಳುಗಳ ಕಡೆ ನೋಡಿದ. ಅವರಾಗಲೇ ಕೊಡಲಿ ಬದಿಗಿಟ್ಟು ನೆರಳಿಗೆ ಕೂತು ಬುತ್ತಿ ಬಿಚ್ಚಿದ್ದರು.

"ನಿನ್ನ ಕೂಡ ಯಾವ ವಕೀಲ ಗೆಲ್ತಾನಬೇ!" ಎಂದು ಗುರುತು ಅಳಿಸಿದ.

ಕಂಬಗಳು ಆಚೆ ಬದಿಗೆ ಹೋದವು. ಆ ಮಧ್ಯಾಹ್ನ ನಲ್ಲಿಗೆ ನೀರು ಬಂದಾಗ ಸಾಲಿನಲ್ಲಿ ಯಾರಿಗೂ ಅವಸರವಿರಲಿಲ್ಲ. ಕೊಡ ತುಂಬಿದವರೂ ಮನೆಗೆ ಹೋಗದೆ, ಕಾಲು ಚಾಚಿ ಅಲ್ಲೇ ಹರಟೆಗೆ ಕೂತರು.